ಗ್ರೀಕ್ ವ್ಯಾಕರಣದ ಹೆಸರಿನಲ್ಲಿ ಎರಡನೇ ದೀಕ್ಷಾಸ್ನಾನ: ತಿಳಿದವರು ಹೇಳಿ

ಬದಿಯಡ್ಕ ಬಸ್
ಅಕ್ಕನ ಮಗನಿಗೆ ಶಿಶುವಾಗಿದ್ದಾಗಲೇ ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತದ ಪ್ರಾಟೆಸ್ಟೆಂಟ್) ಸಭೆಯಲ್ಲಿ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಮ್, ಆಗಿದೆ, ಆಮೇಲೆ ದೃಢೀಕರಣವೂ ಆಗಿದೆ. ಈಗ ಅವನು ಕಾಸರಗೋಡು ಪೇಟೆಯ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದಾನೆ. ಅಲ್ಲಿಯ ಬೋಧಕರು ಬೈಬಲಿನ ಅಪೊಸ್ತಲರ ಕೃತ್ಯಗಳು 2:38ನ್ನು (ಮನಸ್ಸು ತಿರುಗಿಸಿಕೊಳ್ಳಿರಿ, ಪ್ರತಿಯೊಬ್ಬನಿಗೂ ನಿಮ್ಮ ಪಾಪಗಳ ಕ್ಷಮೆಗೆ ದೀಕ್ಷಾಸ್ನಾನವಾಗಲಿ ಎಂದು ಪೇತ್ರ ಜನರಿಗೆ ಹೇಳಿದ ಮಾತು) ಹಲಗೆಯ ಮೇಲೆ ಗ್ರೀಕಿನಲ್ಲೇ ಬರೆದು, ಮಗುವಿನ ಹಣೆಗೆ ನೀರು ಹಾಕಿದ್ದು ಲೆಕ್ಕಕ್ಕಿಲ್ಲ, ನಂಬಿ ಮುಳುಗಿ ಎದ್ದವನಿಗೆ ಮಾತ್ರ ಪಾಪಕ್ಷಮೆ, ಬೇರೆ ಅರ್ಥಕ್ಕೆ ವ್ಯಾಕರಣದಲ್ಲಿ ಜಾಗವೇ ಇಲ್ಲ ಎಂದರಂತೆ. ಮಳೆ ನಿಂತ ಮೇಲೆ ಶಿರಿಯ ಹೊಳೆಯಲ್ಲಿ ಸ್ನಾನವಂತೆ. ಅಕ್ಕ ಅಳುತ್ತಾಳೆ, ಭಾವ ಮಾತು ಬಿಟ್ಟಿದ್ದಾರೆ, ಹುಡುಗ ಮೊಬೈಲಿನಲ್ಲಿ ಗ್ರೀಕ್ ಅಕ್ಷರ ಕಲಿಯುತ್ತಿದ್ದಾನೆ.

ನನಗೆ ಗ್ರೀಕ್ ಬಾರದು. ಯಾರ ದೇವರು ಸರಿ ಎಂಬ ಜಗಳ ಬೇಡ. ಒಂದು ವಾಕ್ಯದ ವ್ಯಾಕರಣ ಇಷ್ಟು ದೊಡ್ಡ ವಿಷಯವನ್ನು ತೀರ್ಮಾನಿಸಬಲ್ಲದೇ? ಇಷ್ಟೇ ಪ್ರಶ್ನೆ.

ಕುಂಬಳೆ ಕಡಲು
ಹುಡುಗ ಏನಾದರೂ ಒಂದು ಭಾಷೆ ಕಲಿಯುತ್ತಿದ್ದಾನಲ್ಲ, ಬಿಡಿ. ನಮ್ಮ ಮನೆಯವನಿಗೆ ಕನ್ನಡ ಓದಿಸಲಿಕ್ಕೇ ಆಗುತ್ತಿಲ್ಲ.

ವಿಶ್ವಾಸಿ ಉಪ್ಪಳ
ನಾನೂ ಶಿಶುವಾಗಿದ್ದಾಗ ನೀರು ಹಾಕಿಸಿಕೊಂಡವನು, ದೊಡ್ಡವನಾದ ಮೇಲೆ ಹೊಳೆಯಲ್ಲಿ ಮುಳುಗಿದವನು. ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನಮ್ಮ ಕಡೆಯ ಹೆಚ್ಚಿನ ಪೆಂಟೆಕೋಸ್ಟ್ ಸಭೆಗಳಾಗಲಿ ಬ್ರದರನ್ ಸಭೆಗಳಾಗಲಿ ನೀರಿನಲ್ಲಿ ಪಾಪ ಹೋಗುತ್ತದೆ ಎನ್ನುವುದಿಲ್ಲ. ರಕ್ಷಣೆ ನಂಬಿಕೆಯಿಂದ, ಸ್ನಾನ ಅದಕ್ಕೆ ಸಾಕ್ಷಿ, ಆಜ್ಞೆಗೆ ವಿಧೇಯತೆ. ಮುಳುಗದಿದ್ದರೆ ಕ್ಷಮೆಯೇ ಇಲ್ಲ ಎನ್ನುವವರು ಬೇರೆ ಗುಂಪಿನವರು. ಅವನು ಹೋಗುತ್ತಿರುವುದು ಯಾವ ಕೂಟ ಎಂದು ಮೊದಲು ವಿಚಾರಿಸಿ. ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ಹಳೆ ಸೆಮಿನಾರಿ
ಉಪ್ಪಳದವರು ಹೇಳಿದ್ದು ಸರಿ. ಸೆಮಿನಾರಿಯಲ್ಲಿ ಗ್ರೀಕ್ ಓದಿದ್ದೇನೆ, ಪಾದ್ರಿಯಾಗಲಿಲ್ಲ. ಆ ವಾಕ್ಯವನ್ನು ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಅದರಲ್ಲಿ ಮೂರು ಕ್ರಿಯಾಪದಗಳಿವೆ. 'ಮೆಟನೊಯೇಸತೆ', ಅಂದರೆ ನೀವು ಮನಸ್ಸು ತಿರುಗಿಸಿಕೊಳ್ಳಿರಿ: ಮಧ್ಯಮ ಪುರುಷ, ಬಹುವಚನ. ನಂತರ 'ಬಪ್ತಿಸ್ಥೇತೊ ಹೆಕಾಸ್ತೊಸ್ ಹ್ಯುಮೋನ್', ನಿಮ್ಮಲ್ಲಿ ಪ್ರತಿಯೊಬ್ಬನಿಗೂ ದೀಕ್ಷಾಸ್ನಾನವಾಗಲಿ: ಇದು ಪ್ರಥಮ ಪುರುಷ, ಏಕವಚನ, ಕರ್ಮಣಿ. ಕೊನೆಗೆ 'ಲೇಮ್ಪ್ಸೆಸ್ಥೆ', ನೀವು ಹೊಂದುವಿರಿ: ಮತ್ತೆ ಮಧ್ಯಮ ಪುರುಷ ಬಹುವಚನ. ಎರಡನೆಯ ಮತ್ತು ಮೂರನೆಯ ಕ್ರಿಯಾಪದಗಳ ನಡುವೆ 'ಎಯ್ಸ್ ಅಫೆಸಿನ್ ತೋನ್ ಹಮಾರ್ತಿಯೋನ್ ಹ್ಯುಮೋನ್', ನಿಮ್ಮ ಪಾಪಗಳ ಕ್ಷಮೆಗೆ, ಎಂದಿದೆ.

ಇಂಗ್ಲಿಷ್ ಓದುವವರಿಗೆ ಈ ಪ್ರಥಮ ಪುರುಷದ ವಿಧಿರೂಪ ಕಾಣಿಸುವುದೇ ಇಲ್ಲ. ಅವರ ಭಾಷೆಯಲ್ಲಿ ಅದು ಇಲ್ಲ. ನಮ್ಮಲ್ಲಿ ಇದೆ: ಬರಲಿ, ಹೋಗಲಿ, ಆಗಲಿ. ಹಾಗಾಗಿ ಈ ವಾಕ್ಯ ಕನ್ನಡದಲ್ಲಿ ಆರಾಮವಾಗಿ ಕುಳಿತುಕೊಳ್ಳುತ್ತದೆ.

ಜಗಳ ಹುಟ್ಟುವುದು ಎರಡು ಕಡೆ. ಒಂದು, 'ನಿಮ್ಮ ಪಾಪಗಳ ಕ್ಷಮೆಗೆ' ಎಂಬುದು ಯಾವ ಕ್ರಿಯಾಪದಕ್ಕೆ ಸೇರುತ್ತದೆ? 'ನಿಮ್ಮ' ಬಹುವಚನ, 'ಮೆಟನೊಯೇಸತೆ' ಬಹುವಚನ, ನಡುವಿನದು ಏಕವಚನ. ಆದ್ದರಿಂದ ಸ್ನಾನದ ಮಾತು ಆವರಣದೊಳಗಿನ ಮಾತು, ಕ್ಷಮೆ ಸೇರುವುದು ಮನಸ್ಸು ತಿರುಗಿಸಿಕೊಳ್ಳುವುದಕ್ಕೆ ಎಂದು ನಂಬಿದವರಿಗೆ ಮಾತ್ರ ಸ್ನಾನ ಕೊಡುವ ಬ್ಯಾಪ್ಟಿಸ್ಟ್ ಪಂಥದ ಕೆಲವು ಪಂಡಿತರು ವಾದಿಸುತ್ತಾರೆ. ಎರಡು, 'ಎಯ್ಸ್' ಎಂದರೆ 'ಪಡೆಯುವುದಕ್ಕಾಗಿ' ಎಂದೋ, 'ಆಗಿರುವುದರಿಂದ' ಎಂದೋ?

ಬದಿಯಡ್ಕ ಬಸ್
ಹಲಗೆಯಲ್ಲಿ ಬರೆದದ್ದು ಇದನ್ನೇ! ಆ ಎಯ್ಸ್ ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದರಂತೆ. ಹಾಗಾದರೆ ಏಕವಚನ-ಬಹುವಚನದ ವಾದ ನಿಲ್ಲುತ್ತದೆಯೇ?

ಅರ್ಥಧಾರಿ ಪೆರ್ಲ
ನಾನು ಕ್ರೈಸ್ತನಲ್ಲ, ತಾಳಮದ್ದಳೆಯವನು. ಆದರೂ ಬಾಯಿ ಹಾಕುತ್ತೇನೆ. ವಚನದ ವಾದ ಕನ್ನಡದವನ ಮುಂದೆ ನಿಲ್ಲುವುದಿಲ್ಲ. 'ನೀವೆಲ್ಲ ಕಚೇರಿಗೆ ಬನ್ನಿ, ನಿಮ್ಮಲ್ಲಿ ಪ್ರತಿಯೊಬ್ಬನೂ ಸಹಿ ಹಾಕಲಿ, ನಿಮ್ಮ ರೇಷನ್ ಸಿಗುವುದಕ್ಕೆ' ಎಂದರೆ, ಸಹಿ ಏಕವಚನದಲ್ಲಿದೆ, ರೇಷನ್ ಬಹುವಚನದವರದು, ಆದ್ದರಿಂದ ಸಹಿ ಬೇಡ ಎಂದು ಯಾರಾದರೂ ಹೇಳುತ್ತಾರೆಯೇ? 'ನಿಮ್ಮಲ್ಲಿ ಪ್ರತಿಯೊಬ್ಬ' ಎಂದಾಗಲೇ ಬಹುವಚನ ಒಳಗೆ ಬಂದಾಯಿತು. ಭಾಗವತರು ಪದ್ಯ ಹೇಳಿ ಮುಗಿಸಿದ ಮೇಲೆ ಒಂದು ವಿಭಕ್ತಿ ಹಿಡಿದು ಎದುರಿನವನನ್ನು ರಾತ್ರಿಯಿಡೀ ಕಟ್ಟಿಹಾಕುವವರು ನಮ್ಮಲ್ಲೂ ಇದ್ದಾರೆ. ಇದು ಆ ಜಾತಿಯ ವಾದ. ಕೇಳಲು ಚೆನ್ನ, ನಂಬಲು ಆಗದು.

ಹಳೆ ಸೆಮಿನಾರಿ
ರೇಷನ್ ಉದಾಹರಣೆಯನ್ನು ನಮ್ಮ ಪ್ರಾಧ್ಯಾಪಕರಿಗೆ ಕಳುಹಿಸಬೇಕು. ಗ್ರೀಕಿನಲ್ಲೂ 'ಹೆಕಾಸ್ತೊಸ್ ಹ್ಯುಮೋನ್' ಮಾಡುವುದು ಅದೇ ಕೆಲಸ. ಗುಂಪಿಗೆ ಕೊಟ್ಟ ಆಜ್ಞೆಯನ್ನು ಒಬ್ಬೊಬ್ಬರಿಗೂ ಹಂಚುತ್ತದೆ.

ವಿಶ್ವಾಸಿ ಉಪ್ಪಳ
ಆದರೆ ಎಯ್ಸ್ ವಿಷಯ ಬೇರೆ. ಮತ್ತಾಯ 12:41ರಲ್ಲಿ ನಿನೆವೆಯವರು ಯೋನನ ಸಾರೋಣಕ್ಕೆ (ಪ್ರಸಂಗಕ್ಕೆ) ಮನಸ್ಸು ತಿರುಗಿಸಿಕೊಂಡರು ಎಂದಿದೆ. ಅಲ್ಲಿಯೂ ಇದೇ ಎಯ್ಸ್. ಸಾರೋಣವನ್ನು ಪಡೆಯುವುದಕ್ಕಾಗಿ ತಿರುಗಿಕೊಂಡರೇ? ಸಾರಿದ ಕಾರಣ ತಿರುಗಿಕೊಂಡರು. ನಮ್ಮ 'ಗೆ' ಪ್ರತ್ಯಯವೂ ಹಾಗೆಯೇ ತಾನೆ? 'ಮಳೆಗೆ ಅಡಿಕೆ ಕೊಳೆಯಿತು' ಎಂದರೆ ಮಳೆಯ ಕಾರಣದಿಂದ. 'ಮಳೆಗೆ ಪ್ರಾರ್ಥಿಸಿದರು' ಎಂದರೆ ಮಳೆ ಬರಲೆಂದು. ಪ್ರತ್ಯಯ ಒಂದೇ. ಹಾಗೆ, ಕ್ಷಮೆ ಸಿಕ್ಕಿರುವುದರಿಂದ ದೀಕ್ಷಾಸ್ನಾನ.

ಬೇಳದ ಹುಡುಗಿ
ಕನ್ನಡದ 'ಗೆ'ಗೆ ಎರಡು ಅರ್ಥ ಇದ್ದರೆ ಗ್ರೀಕಿನ ಎಯ್ಸ್‌ಗೂ ಎರಡು ಇರಬೇಕೆಂದು ಯಾವ ಕಾನೂನು? ಅದೇ ಮತ್ತಾಯನಲ್ಲಿ 26:28 ತೆಗೆದು ನೋಡಿ. ಕೊನೆಯ ಭೋಜನದಲ್ಲಿ ಯೇಸು ತನ್ನ ರಕ್ತ ಅನೇಕರಿಗಾಗಿ ಸುರಿಯಲ್ಪಡುತ್ತದೆ, 'ಎಯ್ಸ್ ಅಫೆಸಿನ್ ಹಮಾರ್ತಿಯೋನ್' ಎನ್ನುತ್ತಾನೆ. ನಮ್ಮ ಗುರುಗಳು ಇದನ್ನು ಗ್ರೀಕಿನಲ್ಲೇ ತೋರಿಸಿದ್ದಾರೆ, ಪೇತ್ರನ ಮಾತಿನಲ್ಲಿರುವುದೂ ಹೆಚ್ಚುಕಡಿಮೆ ಇದೇ ಪದಗುಚ್ಛ. ಪಾಪಗಳು ಆಗಲೇ ಕ್ಷಮಿಸಲ್ಪಟ್ಟಿದ್ದರಿಂದ ಯೇಸು ರಕ್ತ ಸುರಿಸಿದನೇ? ಉಪ್ಪಳದವರು ಉತ್ತರಿಸಲಿ.

ಕುಂಬಳೆ ಕಡಲು
ಉತ್ತರಿಸಲಿ! ಇದೂ ಪ್ರಥಮ ಪುರುಷ ವಿಧಿ, ಅಲ್ಲವೇ?

ವಿಶ್ವಾಸಿ ಉಪ್ಪಳ
ರಕ್ತದ ವಿಷಯದಲ್ಲಿ ಹಾಗೆ ಓದಲಾಗದು, ಒಪ್ಪುತ್ತೇನೆ. ಆದರೆ ಒಂದು ಕಡೆ ಇರುವ ಅರ್ಥ ಎಲ್ಲ ಕಡೆಗೂ ಅನ್ವಯಿಸಬೇಕೆಂದಿಲ್ಲ. ಅಪೊಸ್ತಲರ ಕೃತ್ಯಗಳು 10ನೇ ಅಧ್ಯಾಯ ನೋಡಿ. ಕೊರ್ನೇಲ್ಯನ ಮನೆಯವರ ಮೇಲೆ ಪವಿತ್ರಾತ್ಮ ಬಂದದ್ದು ಪೇತ್ರ ಇನ್ನೂ ಮಾತನಾಡುತ್ತಿರುವಾಗ. ನೀರು ಆಮೇಲೆ ಬಂತು. ಪೇತ್ರನ ಪ್ರಕಾರ ನೀರಿಲ್ಲದೆ ಕ್ಷಮೆ ಇಲ್ಲವಾದರೆ ಆತ್ಮ ಮೊದಲು ಬಂದದ್ದು ಹೇಗೆ?

ಹಳೆ ಸೆಮಿನಾರಿ
ಇಲ್ಲಿ ನೀವು ವ್ಯಾಕರಣವನ್ನು ಬಿಟ್ಟು ಕಥೆಗೆ ಬಂದಿರಿ. ತಪ್ಪೇನಲ್ಲ, ಬರಲೇಬೇಕು. ಆದರೆ ಬಂದಿದ್ದೀರಿ ಎಂಬುದು ಗೊತ್ತಿರಲಿ.

ಕಾರಣಾರ್ಥದ ಎಯ್ಸ್ ಬಗ್ಗೆ 1951–52ರಲ್ಲಿ ಅಮೆರಿಕದ ಒಂದು ಬೈಬಲ್ ವಿದ್ವತ್ ಪತ್ರಿಕೆಯಲ್ಲಿ ದೊಡ್ಡ ವಾದವೇ ನಡೆಯಿತು. ಜೂಲಿಯಸ್ ಮ್ಯಾಂಟಿ ಎಂಬ ಬ್ಯಾಪ್ಟಿಸ್ಟ್ ವಿದ್ವಾಂಸರು ಬೈಬಲಿನ ಹೊರಗಿನ ಗ್ರೀಕ್ ಬರಹಗಳಿಂದ ಉದಾಹರಣೆ ತಂದು, ಎಯ್ಸ್‌ಗೆ 'ಆದ್ದರಿಂದ' ಎಂಬ ಅರ್ಥವೂ ಇದೆ ಎಂದರು. ಉತ್ತರ ಕೊಟ್ಟವರು ರಾಲ್ಫ್ ಮಾರ್ಕಸ್, ಯೆಹೂದಿ ವಿದ್ವಾಂಸರು, ಗ್ರೀಕಿನಲ್ಲಿ ಬರೆದ ಹಳೆಯ ಯೆಹೂದಿ ಲೇಖಕರಾದ ಜೋಸೆಫಸ್ ಮತ್ತು ಫಿಲೋ ಅವರ ಗ್ರಂಥಗಳನ್ನು ಅನುವಾದಿಸಿದವರು. ಕ್ರೈಸ್ತರ ಸ್ನಾನ ಹೇಗೆ ತೀರ್ಮಾನವಾದರೂ ಅವರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದೊಂದೇ ಉದಾಹರಣೆಯನ್ನು ಎತ್ತಿಕೊಂಡು, ಇದು ಉದ್ದೇಶಾರ್ಥವೇ, ಕಾರಣಾರ್ಥವಲ್ಲ ಎಂದು ತೋರಿಸಿದರು. ದೀಕ್ಷಾಸ್ನಾನದ ಬಗ್ಗೆ ಮ್ಯಾಂಟಿ ಹೇಳುವುದು ನಿಜವೇ ಇರಬಹುದು, ಆದರೆ ಆ ನಿಜಕ್ಕೆ ಆಧಾರ ಭಾಷಾಶಾಸ್ತ್ರವಲ್ಲ ಎಂಬುದು ಅವರ ನಿಲುವು.

ಇನ್ನೊಬ್ಬರು ಎ.ಟಿ. ರಾಬರ್ಟ್‌ಸನ್. 1914ರಲ್ಲಿ ಹೊಸ ಒಡಂಬಡಿಕೆಯ ಗ್ರೀಕಿಗೆ ಭಾರೀ ವ್ಯಾಕರಣ ಬರೆದವರು, ಸ್ವತಃ ಬ್ಯಾಪ್ಟಿಸ್ಟ್. ಪಾಪಕ್ಷಮೆಗೆ ದೀಕ್ಷಾಸ್ನಾನ ಅಗತ್ಯ ಎಂದು ನಂಬುವವನು ಈ ಎಯ್ಸ್‌ಅನ್ನು ಒಂದು ರೀತಿ ಓದುತ್ತಾನೆ, ನಂಬದವನು ಇನ್ನೊಂದು ರೀತಿ ಓದುತ್ತಾನೆ ಎಂದು ಅವರೇ ಬರೆದಿದ್ದಾರೆ. ಅಷ್ಟು ದೊಡ್ಡ ವೈಯಾಕರಣ ಕೈಚೆಲ್ಲಿದ ಜಾಗದಲ್ಲಿ ಪೇಟೆಯ ಬೋಧಕರು ಎರಡು ಗೆರೆ ಎಳೆದು ಮುಗಿಸಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಉದ್ದೇಶಾರ್ಥವೇ ಸಹಜ. ಆದರೆ ಅದರಿಂದ ಶಿಶುವಿನ ಸ್ನಾನ ಲೆಕ್ಕಕ್ಕಿಲ್ಲ ಎಂಬುದು ಹೊರಡುವುದಿಲ್ಲ. ವಯಸ್ಸಿನ ಮಾತು ಆ ಪದಗುಚ್ಛದಲ್ಲಿ ಎಲ್ಲಿದೆ?

ವಿಷ್ಣುಮಂಗಲ
ಈ ಚರ್ಚೆ ನಮ್ಮ ಊರಿಗೆ ಹೊಸದಲ್ಲ. ಕುಂಬಳೆಯ ಜಯಸಿಂಹ ಅರಸನ ಕಾಲದಲ್ಲಿ ಇಲ್ಲೇ ವಿಷ್ಣುಮಂಗಲದಲ್ಲಿ ಮಧ್ವಾಚಾರ್ಯರಿಗೂ ತ್ರಿವಿಕ್ರಮ ಪಂಡಿತರಿಗೂ ದಿನಗಟ್ಟಲೆ ವಾದ ನಡೆದು ಪಂಡಿತರು ಶಿಷ್ಯರಾದರು. 'ಸ ಆತ್ಮಾ ತತ್ತ್ವಮಸಿ' ಎಂಬುದನ್ನು ಅದ್ವೈತಿಗಳು 'ತತ್ ತ್ವಮ್ ಅಸಿ' (ಅದೇ ನೀನು) ಎಂದು ಬಿಡಿಸುತ್ತಾರೆ, ಮಧ್ವರು 'ಅತತ್ ತ್ವಮ್ ಅಸಿ' (ಅದಲ್ಲ ನೀನು) ಎಂದೂ ಬಿಡಿಸಿ ತೋರಿಸಿದರು. ಸಂಧಿ ಎರಡಕ್ಕೂ ಒಪ್ಪುತ್ತದೆ. ಒಂದು 'ಅ'ಕಾರದಲ್ಲಿ ಜೀವ ಬ್ರಹ್ಮವೇ ಆಗುತ್ತಾನೆ ಅಥವಾ ಆಗುವುದಿಲ್ಲ. ವ್ಯಾಕರಣ ಬಾಗಿಲು ತೆರೆದಿಟ್ಟಿತು, ಒಳಗೆ ಹೋದವರು ತಮ್ಮ ತಮ್ಮ ಸಿದ್ಧಾಂತದೊಂದಿಗೇ ಹೋದರು.

ಸ್ವರದ ಕಥೆಯೂ ಇದೆ. ಇಂದ್ರನನ್ನು ಕೊಲ್ಲುವವನು ಹುಟ್ಟಲೆಂದು ತ್ವಷ್ಟೃ 'ಇಂದ್ರಶತ್ರುಃ' ಎಂದು ಹೋಮ ಮಾಡಿದ. ಸ್ವರ ತಪ್ಪಿ ತತ್ಪುರುಷ ಬಹುವ್ರೀಹಿಯಾಯಿತು, ಇಂದ್ರನೇ ಯಾರಿಗೆ ಶತ್ರುವೋ, ಅಂದರೆ ಕೊಲ್ಲುವವನೋ, ಅಂಥವನು ಹುಟ್ಟಿ ಇಂದ್ರನ ಕೈಯಲ್ಲೇ ಸತ್ತ. ಪತಂಜಲಿಯ ಮಹಾಭಾಷ್ಯದ ಆರಂಭದಲ್ಲೇ ವ್ಯಾಕರಣ ಯಾಕೆ ಓದಬೇಕು ಎಂಬುದಕ್ಕೆ ಇದನ್ನು ಹೇಳಿದ್ದಾರೆ. ನಿಮ್ಮಲ್ಲಿ ಇಂಥದ್ದು ಇಲ್ಲವೇ?

ಬೇಳದ ಹುಡುಗಿ
ಇದೆ, ಅದೂ ನಮ್ಮ ಕಾಲದಲ್ಲೇ. ನಮ್ಮ ಕಥೋಲಿಕರಲ್ಲಿ ಗುರುಗಳು 'ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ' ಎನ್ನಬೇಕು. ಅಮೆರಿಕದಲ್ಲಿ ಕೆಲವರು ಸಮುದಾಯ ಭಾವನೆ ಬರಲೆಂದು 'ನಾವು' ಎಂದು ಹೇಳಿಬಿಟ್ಟಿದ್ದರು. 2020ರಲ್ಲಿ ವ್ಯಾಟಿಕನ್ ಅದು ಅಸಿಂಧು ಎಂದಿತು. ಡೆಟ್ರಾಯಿಟ್‌ನ ಒಬ್ಬ ಯುವ ಗುರುಗಳು ತಮ್ಮ ಶಿಶುಸ್ನಾನದ ಹಳೆಯ ವಿಡಿಯೊ ನೋಡಿದರೆ ಅದರಲ್ಲಿ 'ನಾವು' ಎಂದೇ ಇದೆ! ಸ್ನಾನ ಆಗಿಲ್ಲವೆಂದರೆ ಗುರುದೀಕ್ಷೆಯೂ ಆಗಿಲ್ಲ. ಎಲ್ಲವನ್ನೂ ಮೊದಲಿನಿಂದ ಮಾಡಿಸಿಕೊಳ್ಳಬೇಕಾಯಿತು. 2022ರಲ್ಲಿ ಫೀನಿಕ್ಸ್ ಧರ್ಮಪ್ರಾಂತ್ಯದಲ್ಲಿ ಇದೇ ಕಾರಣಕ್ಕೆ ಸಾವಿರಾರು ಜನರ ಸ್ನಾನ ಪ್ರಶ್ನೆಗೆ ಬಂತು. ಉತ್ತಮ ಪುರುಷದ ಏಕವಚನ ಬಹುವಚನವಾದದ್ದಕ್ಕೆ!

ಕುಂಬಳೆ ಕಡಲು
ಇದು ದೇವರಿಗೆ ಗೊತ್ತೇ?

ರಾಜಪುರ ಬೆಟ್ಟ
ನಮ್ಮವರು 1943ರಲ್ಲಿ ತಿರುವಿದಾಂಕೂರಿನಿಂದ ರಾಜಪುರದ ಗುಡ್ಡ ಹತ್ತಿದ ಕ್ನಾನಾಯ ಪಂಗಡದ ಸುರಿಯಾನಿ ಕ್ರೈಸ್ತರು. ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಮಾತ್ರ ನಾನು ಕನ್ನಡ ಕಲಿತದ್ದು. ನಮ್ಮ ಹಿರಿಯರು ದೀಕ್ಷಾಸ್ನಾನಕ್ಕೆ 'ಮಾಮೋದೀಸ' ಎನ್ನುತ್ತಾರೆ.

ಬೇಳದವರ ಮಾತಿಗೆ ಒಂದು ಸೇರ್ಪಡೆ. 'ನಾನು ಕೊಡುತ್ತೇನೆ' ಎಂಬುದು ಲ್ಯಾಟಿನ್ ಪದ್ಧತಿ. ಪೂರ್ವದ ಸುರಿಯಾನಿ ಮತ್ತು ಗ್ರೀಕ್ ಪದ್ಧತಿಗಳಲ್ಲಿ 'ಇಂಥವನಿಗೆ ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನವಾಗುತ್ತದೆ' ಎಂಬ ಧಾಟಿ. ಕರ್ತರಿ ಅಲ್ಲ, ಕರ್ಮಣಿ. ಕೊಡುವವನ ಹೆಸರೂ ಇಲ್ಲ, 'ನಾನು' ಎಂಬುದೂ ಇಲ್ಲ. ಇದೂ ಸಿಂಧುವೇ ಎಂದು 1439ರಲ್ಲಿ ಫ್ಲಾರೆನ್ಸ್ ಮಹಾಸಭೆ ಒಪ್ಪಿಕೊಂಡಿದೆ. ಹಾಗಾಗಿ 'ನಾನೋ ನಾವೋ' ಎಂಬ ಪೇಚಾಟ ನಮ್ಮ ಹಳೆಯ ಪ್ರಾರ್ಥನೆಯಲ್ಲಿ ಹುಟ್ಟುವುದೇ ಇಲ್ಲ.

ಹಳೆ ಸೆಮಿನಾರಿ
ಕರ್ಮಣಿಯ ಮಾತು ಬಂದದ್ದು ಒಳ್ಳೆಯದಾಯಿತು. 'ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದಲ್ಲ. ಸ್ನಾನ ಮನುಷ್ಯನ ಕ್ರಿಯೆ. ಆದ್ದರಿಂದ ಸ್ನಾನದಿಂದ ರಕ್ಷಣೆ ಇಲ್ಲ' ಎಂಬ ವಾದ ಬಸ್‌ಸ್ಟ್ಯಾಂಡಿನಲ್ಲೂ ಕೇಳುತ್ತದೆ. ಲೂಥರ್ ಇದನ್ನು ತಲೆಕೆಳಗು ಮಾಡಿದ: ಸ್ನಾನದಲ್ಲಿ ಕೆಲಸ ಮಾಡುವವನು ದೇವರು, ಮನುಷ್ಯ ಬರೀ ಸ್ವೀಕರಿಸುವವನು. 'ಬಪ್ತಿಸ್ಥೇತೊ' ಕರ್ಮಣಿಯಾಗಿರುವುದು ಅವನಿಗೆ ಅನುಕೂಲ. ಆದರೆ ಕೃತ್ಯಗಳು 22:16ರಲ್ಲಿ ಅನನೀಯ ಸೌಲನಿಗೆ 'ಬಪ್ತಿಸಾಯ್' ಎನ್ನುತ್ತಾನೆ. ಇದು ಕರ್ಮಣಿಯೂ ಅಲ್ಲ, ಶುದ್ಧ ಕರ್ತರಿಯೂ ಅಲ್ಲ.

ವಿಷ್ಣುಮಂಗಲ
ಆತ್ಮನೇಪದ! ಫಲ ಕರ್ತೃವಿಗೇ ಸೇರುವುದು.

ಹಳೆ ಸೆಮಿನಾರಿ
ಅದೇ. ಸಂಸ್ಕೃತ ಓದಿದವರಿಗೆ ಗ್ರೀಕ್ ಅರ್ಧ ಬಂದಂತೆ. ಕನ್ನಡದಲ್ಲಿ ನಮಗೆ 'ಕೊಳ್ಳು' ಇದೆ. 'ಎದ್ದು ದೀಕ್ಷಾಸ್ನಾನ ಮಾಡಿಸಿಕೊ, ನಿನ್ನ ಪಾಪಗಳನ್ನು ತೊಳೆದುಕೊ' ಎನ್ನುವಾಗ ಎರಡೂ ಕ್ರಿಯಾಪದಗಳಲ್ಲಿ ಗ್ರೀಕಿನ ಆ ಛಾಯೆ ಹಾಗೆಯೇ ಬರುತ್ತದೆ. ಮಾಡುವವನು ಇನ್ನೊಬ್ಬ, ಮಾಡಿಸಿಕೊಳ್ಳುವವನು ನೀನು. ಶಿಶುಸ್ನಾನ ಒಪ್ಪದವರು ಇದನ್ನು ಹಿಡಿದುಕೊಳ್ಳಬೇಕು, ಎಯ್ಸ್ ಅಲ್ಲ. ಆದರೂ ಅದು ಸೌಲನೆಂಬ ಬೆಳೆದ ಗಂಡಸಿಗೆ ಹೇಳಿದ ಮಾತು. ಬೆಳೆದವನಿಗೆ ಮತ್ತೇನು ಹೇಳುತ್ತಾರೆ?

ವಿಶ್ವಾಸಿ ಉಪ್ಪಳ
ಹೊಸ ಒಡಂಬಡಿಕೆಯಲ್ಲಿ ಹೆಸರು ಹೇಳಿದ ಎಲ್ಲರೂ ಬೆಳೆದವರೇ. ಅದೇ ನಮ್ಮ ವಾದ.

ಬೇಳದ ಹುಡುಗಿ
ಲುದ್ಯಳ ಮನೆಯವರು? ಫಿಲಿಪ್ಪಿಯ ಸೆರೆಯ ಯಜಮಾನನ ಮನೆಯವರು? ಇಡೀ ಮನೆಗೆ ಸ್ನಾನವಾಯಿತು ಎಂದಿದೆ. ಕಾಸರಗೋಡಿನ ಯಾವ ಮನೆಯಲ್ಲಿ ಮಕ್ಕಳಿಲ್ಲ?

ವಿಶ್ವಾಸಿ ಉಪ್ಪಳ
ಸೆರೆಯ ಯಜಮಾನನ ಮನೆಯವರೆಲ್ಲ ವಾಕ್ಯ ಕೇಳಿದರು ಎಂದೂ ಅಲ್ಲೇ ಇದೆ. ತೊಟ್ಟಿಲ ಮಗು ಕೇಳಿತೇ?

ಅರ್ಥಧಾರಿ ಪೆರ್ಲ
ಮಾರ್ಕ 16:16 ಯಾಕೆ ಯಾರೂ ಹೇಳಲಿಲ್ಲ? ನಂಬಿ ದೀಕ್ಷಾಸ್ನಾನ ಪಡೆದವನಿಗೆ ರಕ್ಷಣೆ, ನಂಬದವನಿಗೆ ದಂಡನೆ. ಗೋಡೆಯ ಮೇಲೆ ಬರೆದದ್ದನ್ನು ಓದಿದ್ದೇನೆ. ನಂಬಿ ಸ್ನಾನ ಮಾಡದವನ ಗತಿಯೇನು? ವಾಕ್ಯ ಆ ಕೋಣೆಗೆ ದೀಪ ಇಟ್ಟಿಲ್ಲವಲ್ಲ.

ಹಳೆ ಸೆಮಿನಾರಿ
ಸೂಕ್ಷ್ಮ ಹಿಡಿದಿರಿ. ಗ್ರೀಕಿನಲ್ಲಿ 'ಹೊ ಪಿಸ್ತ್ಯೂಸಾಸ್ ಕಾಯ್ ಬಪ್ತಿಸ್ಥೆಯ್ಸ್': ಎರಡು ಕೃದಂತಗಳಿಗೆ ಒಂದೇ ಉಪಪದ (ಇಂಗ್ಲಿಷಿನ 'the' ಇದ್ದಂತೆ). ನಂಬಿದವನೂ ಸ್ನಾನ ಪಡೆದವನೂ ಒಬ್ಬನೇ ವ್ಯಕ್ತಿ ಎಂದು ಅದು ಹೇಳುತ್ತದೆ. ಎರಡರಲ್ಲಿ ಒಂದು ಮಾತ್ರ ಇದ್ದವನ ಬಗ್ಗೆ ಮೌನ. ಇನ್ನೂ ಒಂದು ತೊಡಕು: ನಾಲ್ಕನೇ ಶತಮಾನದ ವ್ಯಾಟಿಕಾನಸ್, ಸಿನಾಯ್ಟಿಕಸ್ ಹಸ್ತಪ್ರತಿಗಳಲ್ಲಿ ಮಾರ್ಕನ ಸುವಾರ್ತೆ 16:8ಕ್ಕೇ ಮುಗಿಯುತ್ತದೆ. ಅದರಾಚೆಯ ಆ ಭಾಗ ಎರಡನೇ ಶತಮಾನದ ಬಿಷಪ್ ಇರೆನಿಯಸ್‌ಗೆ ಗೊತ್ತಿತ್ತು, ಅದೂ ನಿಜ.

ರಾಜಪುರ ಬೆಟ್ಟ
ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದು ಪರದೈಸಿನ (ಸ್ವರ್ಗದ) ಮಾತು ಪಡೆದ ಕಳ್ಳ? ಅವನಿಗೆ ಯಾರು ಸ್ನಾನ ಕೊಟ್ಟರು?

ವಿಷ್ಣುಮಂಗಲ
ಹಳೆಯ ಗ್ರೀಕ್ ಪ್ರತಿಗಳಲ್ಲಿ ಪದಗಳ ನಡುವೆ ಬಿಡುವಿಲ್ಲ, ಅಲ್ಪವಿರಾಮವೂ ಇಲ್ಲ ಎಂದು ಕೇಳಿದ್ದೇನೆ. ಹಾಗಿದ್ದರೆ 'ಅತತ್' ಸಮಸ್ಯೆ ಅಲ್ಲಿಯೂ ಬರಬೇಕು.

ಹಳೆ ಸೆಮಿನಾರಿ
ಆ ಕಳ್ಳನ ವಾಕ್ಯದಲ್ಲೇ ಬಂದಿದೆ! ಲೂಕ 23:43. 'ನಿನಗೆ ನಿಜವಾಗಿ ಹೇಳುತ್ತೇನೆ, ಇಂದು ನನ್ನ ಸಂಗಡ ಪರದೈಸಿನಲ್ಲಿರುವೆ' ಎಂದು ಹೆಚ್ಚಿನವರು ಓದುತ್ತಾರೆ. ಯೆಹೋವನ ಸಾಕ್ಷಿಗಳು ವಿರಾಮವನ್ನು 'ಇಂದು' ಎಂಬುದರ ಆಚೆಗೆ ಇಡುತ್ತಾರೆ: ಇಂದು ಹೇಳುತ್ತೇನೆ, ಮುಂದೆ ಎಂದಾದರೂ ಇರುವೆ. ಆದರೆ ಸುವಾರ್ತೆಗಳಲ್ಲಿ ಯೇಸು 'ನಿಜವಾಗಿ ಹೇಳುತ್ತೇನೆ' ಎನ್ನುವಾಗ ಬೇರೆಲ್ಲೂ ಹೇಳುವ ದಿನವನ್ನು ಸೇರಿಸಿಲ್ಲ. ಹಾಗಾಗಿ ಮೊದಲ ಓದೇ ಗಟ್ಟಿ.

ಕುಂಬಳೆ ಕಡಲು
ಗ್ರೀಕ್ ಎಂದ ಮೇಲೆ ಮಂಜೇಶ್ವರ ಗೋವಿಂದ ಪೈಗಳನ್ನು ಯಾರೂ ನೆನೆಯಲಿಲ್ಲವಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆ ಎಂಬ ವಾದದಲ್ಲಿ ಅವರೂ ತಲೆ ಹಾಕಿದ್ದರು. ಕ್ರಿಸ್ತನ ಕೊನೆಯ ದಿನದ ಮೇಲೆ ಖಂಡಕಾವ್ಯವನ್ನೂ ಬರೆದವರು. ಇಂದು ಇದ್ದಿದ್ದರೆ ಈ ಎಯ್ಸ್‌ಅನ್ನು ಅವರಿಗೇ ಒಪ್ಪಿಸಬಹುದಿತ್ತು.

ನಿರ್ವಾಹಕ
ಗೋವಿಂದ ಪೈಗಳಿಗೆ ಪ್ರತ್ಯೇಕ ಚರ್ಚೆ ತೆರೆಯಿರಿ. ಕನ್ನಡ ಪದಗಳು ಹೌದೋ ಅಲ್ಲವೋ ಎಂಬ ಜಗಳ ಇಲ್ಲಿ ಬೇಡ, ಈಗಿರುವುದೇ ಸಾಕು.

ಬದಿಯಡ್ಕ ಬಸ್
ಇದೆಲ್ಲವನ್ನೂ ಹುಡುಗನಿಗೆ ಓದಿ ಹೇಳಿದೆ. ಎಯ್ಸ್ ವಿಷಯದಲ್ಲಿ ಸುಮ್ಮನಾದ. ಆದರೆ 'ಚಿಕ್ಕಂದಿನ ಸ್ನಾನದಲ್ಲಿ ನನ್ನ ಒಪ್ಪಿಗೆ ಎಲ್ಲಿತ್ತು' ಎಂದು ಕೇಳುತ್ತಾನೆ. ಬೋಧಕರು ಮುಂದಿನ ವಾರ ಎಫೆಸ 2:8 ತೆಗೆದುಕೊಳ್ಳುತ್ತಾರಂತೆ. ಅಲ್ಲಿಯೂ ವ್ಯಾಕರಣವೇ?

ಹಳೆ ಸೆಮಿನಾರಿ
ಅಲ್ಲಿಯೂ. 'ಕೃಪೆಯಿಂದಲೇ ನಂಬಿಕೆಯ ಮೂಲಕ ರಕ್ಷಣೆ ಹೊಂದಿದವರಾಗಿದ್ದೀರಿ. ಇದು ನಿಮ್ಮಿಂದಾದದ್ದಲ್ಲ, ದೇವರ ವರ.' 'ಇದು' ಎಂದರೆ ಯಾವುದು? ನಂಬಿಕೆಯೇ ದೇವರ ವರ ಎಂದು ಕ್ಯಾಲ್ವಿನ್ ಪಂಥದ ಹಲವರು ಓದುತ್ತಾರೆ. ಗ್ರೀಕಿನಲ್ಲಿ ಕೃಪೆ, ನಂಬಿಕೆ ಎರಡೂ ಸ್ತ್ರೀಲಿಂಗ. 'ಇದು' ಎಂಬ 'ತೂತೊ' ನಪುಂಸಕ. ಆದ್ದರಿಂದ ಅದು ಹಿಂದಿನ ಇಡೀ ಮಾತನ್ನು, ಕೃಪೆಯಿಂದ ರಕ್ಷಣೆಯಾದದ್ದನ್ನೇ, ತೋರಿಸುತ್ತದೆ ಎನ್ನುವವರೇ ಹೆಚ್ಚು. ಕನ್ನಡದಲ್ಲಿ ಕೃಪೆಗೂ 'ಇದು', ನಂಬಿಕೆಗೂ 'ಇದು'. ಈ ಒಂದು ಜಾಗದಲ್ಲಿ ನಮ್ಮ ಭಾಷೆ ಸಹಾಯಕ್ಕೆ ಬರುವುದಿಲ್ಲ.

ಅದೇ ವಾಕ್ಯದ ಕ್ರಿಯಾಪದವನ್ನೂ ನೋಡಲಿ. 'ರಕ್ಷಣೆ ಹೊಂದಿದವರಾಗಿದ್ದೀರಿ': ಆಗಿಹೋದದ್ದು, ಫಲ ಇನ್ನೂ ಇದೆ. ಆದರೆ 1 ಕೊರಿಂಥ 1:18ರಲ್ಲಿ ಪೌಲ 'ರಕ್ಷಣೆ ಹೊಂದುತ್ತಿರುವ ನಮಗೆ' ಎಂದು ವರ್ತಮಾನದಲ್ಲಿ ಬರೆಯುತ್ತಾನೆ, ರೋಮಾ 5:9ರಲ್ಲಿ ಭವಿಷ್ಯತ್ತಿನಲ್ಲಿ. 'ನಿಮಗೆ ರಕ್ಷಣೆ ಆಗಿದೆಯೇ' ಎಂದು ಬಸ್ಸಿನಲ್ಲಿ ಕೈಹಿಡಿದು ಕೇಳುವವರು ಒಂದೇ ಕಾಲವನ್ನು ಕೇಳುತ್ತಾರೆ.

ವಿಶ್ವಾಸಿ ಉಪ್ಪಳ
ಆ ಚುಚ್ಚುಮಾತು ನನಗೇ ಎಂದು ಗೊತ್ತು. ಕೇಳುತ್ತೇನೆ, ಕೇಳುತ್ತಲೇ ಇರುತ್ತೇನೆ. ಹುಡುಗ ಕೇಳಿದ ಒಪ್ಪಿಗೆಯ ಪ್ರಶ್ನೆಗೆ ಮಾತ್ರ ಇಲ್ಲಿ ಯಾರೂ ಉತ್ತರ ಕೊಟ್ಟಿಲ್ಲ, ಗಮನಿಸಿ. ಕೊಡಲು ಹೊರಟರೆ 1 ಪೇತ್ರ 3:21ಕ್ಕೆ ಬರಬೇಕಾಗುತ್ತದೆ. 'ದೀಕ್ಷಾಸ್ನಾನವು ನಿಮ್ಮನ್ನು ರಕ್ಷಿಸುತ್ತದೆ' ಎಂದು ನೇರವಾಗಿ ಹೇಳಿ, ಕೂಡಲೇ ಅದು ಮೈಕೊಳೆ ತೆಗೆಯುವುದಲ್ಲ, ಒಳ್ಳೆಯ ಮನಸ್ಸಾಕ್ಷಿಯ ವಿಜ್ಞಾಪನೆ ಎಂದಿದೆ. ತೊಟ್ಟಿಲ ಮಗು ವಿಜ್ಞಾಪನೆ ಮಾಡುತ್ತದೆಯೇ?

ಅರ್ಥಧಾರಿ ಪೆರ್ಲ
ಷಷ್ಠೀ ವಿಭಕ್ತಿ! 'ಮನಸ್ಸಾಕ್ಷಿಯ ವಿಜ್ಞಾಪನೆ' ಎಂದರೆ ಮನಸ್ಸಾಕ್ಷಿ ಬೇಡಿಕೊಳ್ಳುವುದೋ, ಒಳ್ಳೆಯ ಮನಸ್ಸಾಕ್ಷಿ ಕೊಡು ಎಂದು ಬೇಡಿಕೊಳ್ಳುವುದೋ? ಮೊದಲನೆಯದಾದರೆ ಉಪ್ಪಳದವರು ಗೆದ್ದರು. ಎರಡನೆಯದಾದರೆ ಮಗುವಿನ ಪರವಾಗಿ ತಾಯಿಯೂ ಬೇಡಬಹುದು. ಗ್ರೀಕಿನಲ್ಲಿ ಯಾವುದು?

ಹಳೆ ಸೆಮಿನಾರಿ
ಗ್ರೀಕಿನಲ್ಲೂ ಷಷ್ಠಿಯೇ, ಎರಡಕ್ಕೂ ಒಪ್ಪುತ್ತದೆ. ಅನುವಾದಗಳೂ ಎರಡು ಪಾಲಾಗಿವೆ.

ಬೇಳದ ಹುಡುಗಿ
ಹಾಗಾದರೆ ತಾಯಿ ಬೇಡಿದ್ದು ಸಾಕು.

ವಿಶ್ವಾಸಿ ಉಪ್ಪಳ
ಸಾಲದು. ನಾಳೆ ಬರೆಯುತ್ತೇನೆ, ಈಗ ಪ್ರಾರ್ಥನೆಗೆ ಹೊತ್ತಾಯಿತು.